ನನ್ನನ್ನು ತುಳಿದ ನೀಲವ್ವ

ನಾನು ಒಂದು ಬಿಳಿ ಕಾರು. ಈಗ ನನ್ನನ್ನು ನೋಡಿದವರು ಬಿಳಿ ಎಂದರೆ ನಗುತ್ತಾರೆ, ನಗಲಿ. ಹುಟ್ಟಿದಾಗ ನಾನು ಎಷ್ಟು ಬೆಳ್ಳಗಿದ್ದೆನೆಂದರೆ, ಕಾರ್ಖಾನೆಯ ಅಂಗಳಕ್ಕೆ ತಂದು ನಿಲ್ಲಿಸಿದ ದಿನ ಕೊಕ್ಕರೆಗಳ ಹಿಂಡೊಂದು ತಮ್ಮವನೇ ಎಂದು ತಿಳಿದು ನನ್ನ ಪಕ್ಕದಲ್ಲಿ ಬಂದಿಳಿಯಿತು. ಸುಳ್ಳು ಎನ್ನುವವರು ಆ ಕೊಕ್ಕರೆಗಳನ್ನೇ ಕೇಳಬಹುದು. ತಗಡು ಬಗ್ಗಿಸಿ, ಬೆಸೆದು, ಬಣ್ಣ ಹೊಡೆದು ನನ್ನನ್ನು ಮಾಡಿದವರ ಮುಖಗಳು ನೆನಪಿಲ್ಲ. ಕೊನೆಗೆ ಒಬ್ಬಾತ ನನ್ನ ಬಾಗಿಲು ಹಾಕಿ, ಸದ್ದು ಕೇಳಿ, ತಲೆದೂಗಿದ್ದು ನೆನಪಿದೆ. ನಾನು ಶಾಲೆ ಕಲಿತವನಲ್ಲ. ಆತ ತಲೆದೂಗಿದ್ದೇ ನನ್ನ ಸರ್ಟಿಫಿಕೇಟು.

ಮೊದಲು ನನ್ನನ್ನು ಕೊಂಡವರು ಗದಗಿನ ಡಾಕ್ಟರು, ನಾಡಗೌಡರು. ಅವರ ಕೈಯಲ್ಲಿದ್ದಾಗ ಗದಗಿನ ಅರ್ಧ ಮಕ್ಕಳು ನನ್ನ ಹಿಂದಿನ ಸೀಟಿನಲ್ಲೇ ಹುಟ್ಟಿದವು. ಅರ್ಧ ಎಂದರೆ ಒಂದು. ಅದೂ ಆಸ್ಪತ್ರೆಯ ಗೇಟು ದಾಟಿದ ಮೇಲೆ. ಆದರೆ ಆ ಕೂಸು ಭೂಮಿಯ ಮೇಲೆ ಮೊದಲು ಕೇಳಿದ್ದು ನನ್ನ ಹಾರ್ನು, ಅದರಲ್ಲಿ ಎರಡು ಮಾತಿಲ್ಲ. ಡಾಕ್ಟರರು ದೊಡ್ಡ ಕಾರು ಕೊಂಡಾಗ ನಾನು ಮದುವೆ ಬಾಡಿಗೆಗೆ ಹೋದೆ. ಮೈತುಂಬ ಚೆಂಡುಹೂವು ಹೊತ್ತು ಓಡಾಡಿದೆ. ಮದುಮಗನಿಗಿಂತ ಕಾರೇ ಚೆಂದ ಎಂದು ಹೆಣ್ಣಿನ ಕಡೆಯವರು ಅಂದು, ಬೀಗರಲ್ಲಿ ಮಾತು ಬೆಳೆದು, ಆ ಕೆಲಸವೂ ಹೋಯಿತು.

ಆಗ ನನ್ನ ಕೈ ಹಿಡಿದವರು ದಸ್ತಗೀರಸಾಬರು. ಅವರದು ಡ್ರೈವಿಂಗ್ ಸ್ಕೂಲು. ಊರೆಲ್ಲ ಅವರಿಗೆ ಮಾಸ್ತರ ಎನ್ನುತ್ತಿತ್ತು. ಅವರು ನನ್ನ ತಲೆಯ ಮೇಲೆ ಬೋರ್ಡು ಕೂಡಿಸಿದರು. ಎಡಗಡೆ ಸೀಟಿನ ಮುಂದೆ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಹಾಕಿಸಿದರು. ಕಲಿಯುವವರು ತಪ್ಪಿದರೆ ಕಲಿಸುವವರು ತುಳಿಯಲಿ ಎಂದು. ಮಾಸ್ತರರು ಬಹಳ ಒಳ್ಳೆಯವರು, ಬಹಳ ಅಂಜುಬುರುಕರು. ಮೇಲೆ ಹಾರುವ ಕಾಗೆಯ ನೆರಳು ರಸ್ತೆಗೆ ಬಿದ್ದರೂ ಬ್ರೇಕು ತುಳಿದು, "ಭೇಷ್, ಚಲೋ ನಿಲ್ಲಿಸಿದ್ರಿ" ಎನ್ನುತ್ತಿದ್ದರು. ಕಲಿಯುವವರು ತಾವೇ ನಿಲ್ಲಿಸಿದೆವೆಂದು ಹಿಗ್ಗುತ್ತಿದ್ದರು. ನಾನೂ ಊರಿನ ಡ್ರೈವರುಗಳಿಗೆಲ್ಲ ನಾನೇ ಗುರು ಎಂದು ಮೆರೆಯುತ್ತಿದ್ದೆ. ಮಾಸ್ತರರ ಕೈಗೆ ಬಂದ ಮೇಲೆ ಎರಡನೇ ಗೇರು ದಾಟಿದವನಲ್ಲ, ಆದರೂ ಒಂದೇ ಮೈದಾನದಲ್ಲಿ ಎಂಟು ಹಾಕುತ್ತ ಹಾಕುತ್ತ ಭೂಮಿಯನ್ನೇ ಸುತ್ತಿ ಬಂದಿದ್ದೇನೆ.

ಹೀಗಿರುವಾಗ ನೀಲವ್ವ ಬಂದಳು.

ಆಕೆಯ ಗಂಡ ಫಕ್ಕೀರಪ್ಪ ವ್ಯಾನು ಓಡಿಸುತ್ತಿದ್ದವನು. ಅವರ ಓಣಿಯ ಹೆಂಗಸರು ಬಡಿದ ಜೋಳದ ರೊಟ್ಟಿಯನ್ನು ಬೆಳಗ್ಗೆ ಖಾನಾವಳಿಗಳಿಗೂ ಹಾಸ್ಟೆಲುಗಳಿಗೂ ಮುಟ್ಟಿಸುತ್ತಿದ್ದ. ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದಿತು. ವ್ಯಾನು ಬಾಗಿಲ ಮುಂದೆ ನಿಂತಿತು. ಓಣಿಯ ಒಲೆಗಳು ಒಂದೊಂದಾಗಿ ತಣ್ಣಗಾಗತೊಡಗಿದವು. ಕೊಪ್ಪಳದ ಒಬ್ಬಾತ ವ್ಯಾನು ಕೇಳಿದ್ದ. ಯುಗಾದಿಯೊಳಗೆ ನನ್ನ ಹೆಂಡತಿ ಲೈಸೆನ್ಸು ತಂದರೆ ಕೊಡುವುದಿಲ್ಲ, ತರದಿದ್ದರೆ ಒಯ್ಯಿ ಎಂದು ಫಕ್ಕೀರಪ್ಪ ಮಾತು ಕೊಟ್ಟುಬಿಟ್ಟಿದ್ದ.

ನೀಲವ್ವ ಮೊದಲ ದಿನ ಚಪ್ಪಲಿಯನ್ನು ಮೈದಾನದಲ್ಲೇ ಬಿಟ್ಟು ಒಳಗೆ ಹತ್ತಿದಳು. ಸ್ಟೇರಿಂಗಿಗೆ ವಿಭೂತಿ ಹಚ್ಚಿದಳು. ಮಾಸ್ತರರು ಕ್ಲಚ್ಚು ತುಳಿಯಿರಿ ಎಂದರು. ತುಳಿದಳು, ತುಳಿದವಳೇ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ನಮ್ಮ ಕಡೆ ಹೊಸ್ತಿಲಿಗೋ ಮೊರಕ್ಕೋ ಪುಸ್ತಕಕ್ಕೋ ಕಾಲು ತಾಗಿದರೆ ಹೀಗೆ ಮುಟ್ಟಿ ತಪ್ಪಾಯಿತು ಎನ್ನುತ್ತಾರೆ. ನೀಲವ್ವನಿಗೆ ಗಾಡಿ ಎಂದರೆ ಇವೆಲ್ಲವೂ ಹೌದು. ಪ್ರತಿ ವರ್ಷ ಆಯುಧ ಪೂಜೆಗೆ ಗಂಡನ ವ್ಯಾನು ತೊಳೆದು, ಕುಂಕುಮ ಇಟ್ಟು, ಕಾಯಿ ಒಡೆದವಳು. ಅನ್ನ ಕೊಡುವ ದೇವರನ್ನು ಒದೆಯುವುದು ಹೇಗೆ? ಹಾಗಾಗಿ ಬ್ರೇಕನ್ನು ಹೂವು ಮುಟ್ಟಿದಂತೆ ಮುಟ್ಟುತ್ತಿದ್ದಳು. ನಾನೇನು ಹೂವಿಗೆ ನಿಲ್ಲುವವನೇ? ಮುಟ್ಟಿದ ಮರುಗಳಿಗೆ ಕೈ ಬಿಟ್ಟು ಬಗ್ಗಿದರೆ ಆಕೆಯ ತಲೆ ಸ್ಟೇರಿಂಗಿನ ಕೆಳಗೆ ಮಾಯ. ಡ್ರೈವರಿಲ್ಲದ ಕಾರು ಬರುತ್ತಿದೆ ಎಂದು ಎಮ್ಮೆ ಮೇಯಿಸುವವರು ಎಮ್ಮೆ ಬಿಟ್ಟು ಓಡಿದರು. ಎಮ್ಮೆಗಳು ಅವರನ್ನು ಹುಡುಕಿಕೊಂಡು ಹೋದವು.

"ಅಕ್ಕಾರ, ಕೈ ಸ್ಟೇರಿಂಗ್ ಮ್ಯಾಲಿರ್ಲಿ. ನಮಸ್ಕಾರ ಆಮ್ಯಾಲೆ ಮಾಡ್ರಿ," ಎಂದು ಮಾಸ್ತರರು ತಮ್ಮ ಕಡೆಯ ಬ್ರೇಕು ತುಳಿದು ಬೆವರು ಒರೆಸಿಕೊಂಡರು.

"ಕಾಲು ಈಗ ತಾಗೈತಲ್ರಿ ಮಾಸ್ತರ. ಅಲ್ಲೀತನ ದೇವರು ಕಾಯ್ಕೊಂಡು ಕುಂದರ್ತಾನೇನು?"

ನನಗಂತೂ ಒಳಗೊಳಗೇ ಹಿತವಾಗಿತ್ತು. ಎಷ್ಟೋ ಬೂಟುಗಳು ನನ್ನನ್ನು ತುಳಿದಿದ್ದವು, ಕ್ಷಮೆ ಕೇಳಿದ ಕಾಲು ಅದೊಂದೇ.

ಪರೀಕ್ಷೆಯ ದಿನ ಬಂತು. ಅಲ್ಲಿ ಮಾಸ್ತರರು ಕೆಳಗಿಳಿಯಬೇಕು, ಪಕ್ಕದಲ್ಲಿ ಲೈಸೆನ್ಸು ಕೊಡುವ ಸಾಹೇಬರು ಕೂರುತ್ತಾರೆ. ಸಾಹೇಬರು ಬ್ರೇಕು ತುಳಿಯುವುದಿಲ್ಲ, ನೋಡುತ್ತಾರೆ ಅಷ್ಟೇ. ನೀಲವ್ವ ಬ್ರೇಕು ಸವರಿದಳು, ಬಗ್ಗಿದಳು, ಕಣ್ಣಿಗೊತ್ತಿಕೊಂಡಳು. ಅಷ್ಟರಲ್ಲಿ ನಾನು ಗುರುತಿಗೆ ನೆಟ್ಟ ಕೋಲುಗಳನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ಗೋಡೆಗೆ ಮೂಗು ಹಚ್ಚಿ ನಿಂತಿದ್ದೆ. ಸಾಹೇಬರು ಬಯ್ಯಲಿಲ್ಲ, ನಕ್ಕರು. ಬೈದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು.

ಮರುದಿನ ನೀಲವ್ವ ಗಂಡನ ಕೈ ಹಿಡಿದುಕೊಂಡು ಬಂದಳು, ಕಲಿಯಲಿಕ್ಕಲ್ಲ, ಸಾಕು ಎಂದು ಹೇಳಲಿಕ್ಕೆ. ವ್ಯಾನು ಕೊಪ್ಪಳದವನಿಗೇ ಹೋಗಲಿ, ನನ್ನ ಕಾಲಿಗೆ ಈ ಪಾಪ ಬೇಡ ಎಂದಳು. ಫಕ್ಕೀರಪ್ಪ ನನ್ನ ಮೈ ಸವರುತ್ತ ಬಾಗಿಲು ಹುಡುಕಿ, ಹಿಂದಿನ ಸೀಟಿನಲ್ಲಿ ಕುಳಿತ. ಅಲ್ಲಿಂದಲೇ ಹೆಂಡತಿಗೆ ಹೇಳಿದ.

"ನೀಲಾ, ನೀ ವರ್ಷಾ ಪೂಜಿ ಮಾಡಿದ್ದು ನಾ ದಿನಾ ತುಳಿದದ್ದನ್ನ. ತೊಡಿಮ್ಯಾಲೆ ಮಲಗಿದ ಕೂಸು ಒದಿತೈತಿ. ಅವ್ವ ಸಿಟ್ಟಾಗ್ತಾಳೇನು? ಒದಿಲಿಲ್ಲಂದ್ರ ಅಂಜ್ತಾಳ."

ನೀಲವ್ವ ಸೆರಗು ಸಿಕ್ಕಿಸಿಕೊಂಡು ಬಂದು ಸ್ಟೇರಿಂಗಿನ ಮುಂದೆ ಕುಳಿತಳು. ಮಾಸ್ತರರು ಪಕ್ಕದಲ್ಲಿ ಕೂರುತ್ತಲೇ ಅವರ ಕಾಲು ತಾನಾಗಿಯೇ ಬ್ರೇಕು ಹುಡುಕಿತು. ಆಕೆ ಅದನ್ನು ನೋಡಿದಳು.

"ಮಾಸ್ತರ, ನಾ ನಿಲ್ಲಿಸ್ತೀನೋ ನೀವ್ ನಿಲ್ಲಿಸ್ತೀರೋ ನನಗ ತಿಳಿವಲ್ತು. ಕಾಲು ಮ್ಯಾಲ ಎತ್ಕೊಂಡು ಕುಂದರ್ರಿ."

ಅಷ್ಟು ವರ್ಷಗಳಲ್ಲಿ ಆ ಮಾತನ್ನು ದಸ್ತಗೀರಸಾಬರಿಗೆ ಯಾರೂ ಹೇಳಿರಲಿಲ್ಲ. ಹಿಂದೆ ಕುಳಿತ ಫಕ್ಕೀರಪ್ಪನನ್ನು ಒಮ್ಮೆ ನೋಡಿದರು. ಚಪ್ಪಲಿ ಬಿಚ್ಚಿ, ಊಟಕ್ಕೆ ಕೂತವರ ಹಾಗೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಹೊರಟೆವು. ಮೈದಾನ ಬಿಟ್ಟು ಮುಂಡರಗಿ ರಸ್ತೆಗೆ ಬಿದ್ದೆವು. ನೀಲವ್ವ ನನ್ನನ್ನು ಮೂರನೇ ಗೇರಿಗೆ ಹಾಕಿದಳು. ಎಷ್ಟೋ ವರ್ಷಗಳ ಮೇಲೆ ನನ್ನ ಕಿವಿಗೆ ಗಾಳಿ ತಾಗಿತು. ಮದುವೆಯ ಹೂವೆಲ್ಲ ಮತ್ತೆ ಮೈಮೇಲೆ ಬಂದ ಹಾಗಾಯಿತು. ಅಷ್ಟರಲ್ಲಿ ಪಕ್ಕದ ಹೊಲದಿಂದ ಕುರಿ ಹಿಂಡು ರಸ್ತೆಗೆ ಸುರಿಯಿತು.

ನೀಲವ್ವ ತುಳಿದಳು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಮೈಯ ಶಕ್ತಿಯೆಲ್ಲ ಆ ಬರಿಗಾಲಿಗೆ ಇಳಿದಿತ್ತು. ನಾನು ಕಿರುಚಿದೆ, ಮುಗ್ಗರಿಸಿದೆ, ನಿಂತೆ. ಎಷ್ಟು ಹತ್ತಿರ ಎಂದರೆ, ಮುಂದಿನ ಟಗರು ನನ್ನ ದೀಪದ ಗಾಜಿನಲ್ಲಿ ತನ್ನ ಕೊಂಬು ನೋಡಿಕೊಂಡು, ಉಣ್ಣೆ ನೆಟ್ಟಗೆ ಮಾಡಿಕೊಂಡು ಹೋಯಿತು. ನೀಲವ್ವನ ಎರಡೂ ಕೈ ಸ್ಟೇರಿಂಗಿನ ಮೇಲೆಯೇ ಇದ್ದವು.

ಮಾಸ್ತರರು ಒಂದು ಕಣ್ಣು ತೆರೆದು, ಯಾರು ನಿಲ್ಲಿಸಿದರು ಎಂದು ಕೇಳಿದರು.

"ನೀವಂತೂ ಅಲ್ಲ ಬಿಡ್ರಿ," ಎಂದ ಫಕ್ಕೀರಪ್ಪ, "ನಿಮ್ಮ ಕಡಿಂದ ಸಪ್ಪಳ ಬರಲಿಲ್ಲ."

ಕೊನೆಯ ಮರಿ ದಾಟುವವರೆಗೂ ನೀಲವ್ವ ಕಾಲು ತೆಗೆಯಲಿಲ್ಲ. ಆಮೇಲೆ ಇಂಜಿನ್ನು ನಿಲ್ಲಿಸಿ, ಕೆಳಗಿಳಿದು, ನನ್ನ ಮುಂದೆ ಬಂದು ಕೈ ಮುಗಿದಳು. ಅದು ತಪ್ಪಾಯಿತು ಎಂಬ ನಮಸ್ಕಾರವಾಗಿರಲಿಲ್ಲ.

ಅಲ್ಲಿಯವರೆಗೆ ನಾನು ಕಲಿಸುವವನೆಂದು ಬೀಗುತ್ತಿದ್ದೆ. ನನ್ನ ಶಿಷ್ಯರೆಲ್ಲ ಮಾಸ್ತರರ ಕಾಲಿನ ಬಲದ ಮೇಲೆ ಕಲಿತವರು ಎಂದು ಅಂದು ತಿಳಿಯಿತು. ಕಲಿಯಲು ಬಂದವರಲ್ಲಿ ನನ್ನನ್ನು ನಿಜಕ್ಕೂ ಓಡಿಸಿದವಳು, ನಿಜಕ್ಕೂ ನಿಲ್ಲಿಸಿದವಳು ಆಕೆಯೇ ಮೊದಲು. ಮಾಸ್ತರರಿಗೂ ಹಾಗೇ ಅನ್ನಿಸಿರಬೇಕು. ಮರುದಿನದಿಂದ ಪ್ರತಿಯೊಬ್ಬರ ಪಾಠದ ಕೊನೆಯಲ್ಲೂ ಸ್ವಲ್ಪ ಹೊತ್ತು ಕಾಲು ಮೇಲೆತ್ತಿ ಕೂರತೊಡಗಿದರು. ಆ ಋಣ ನಮ್ಮಿಬ್ಬರ ಮೇಲೂ ಇದೆ.

ಎರಡನೆಯ ಪರೀಕ್ಷೆಯಲ್ಲಿ ನೀಲವ್ವ ನನ್ನನ್ನು ಕೋಲುಗಳ ನಡುವೆ ಹಾವಿನಂತೆ ಹರಿಸಿದಳು. ಯುಗಾದಿಗೆ ಬಂದ ಕೊಪ್ಪಳದವನು ಬೇವು ಬೆಲ್ಲ ತಿಂದು, ಬಿಸಿ ರೊಟ್ಟಿ ಉಂಡು, ಬರಿಗೈಯಲ್ಲಿ ಬಸ್ಸು ಹತ್ತಿದ. ಓಣಿಯ ಒಲೆಗಳು ಮತ್ತೆ ಹೊತ್ತಿಕೊಂಡವು.

ಈಗ ನನಗೆ ಇಂಜಿನ್ನಿಲ್ಲ, ಗಾಲಿಯಿಲ್ಲ. ಮಾಸ್ತರರ ಹಿತ್ತಿಲ ಬೇವಿನ ಮರದ ಕೆಳಗೆ ಕಲ್ಲುಗಳ ಮೇಲೆ ಕುಳಿತಿದ್ದೇನೆ. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತವೆ. ಗುಜರಿಯವನು ಎರಡು ಸಲ ಬಂದು ಕೇಳಿದ, ಮಾಸ್ತರರು ಕೊಡಲಿಲ್ಲ. ಕಾರಣವಿದೆ. ಭಾನುವಾರ ಮಧ್ಯಾಹ್ನ ನೀಲವ್ವ ತನ್ನ ಓಣಿಯ ಯಾರಾದರೊಬ್ಬ ಹೆಂಗಸನ್ನು ಕರೆತರುತ್ತಾಳೆ. ಕೋಳಿ ಓಡಿಸಿ, ಆಕೆಯನ್ನು ನನ್ನ ಸ್ಟೇರಿಂಗಿನ ಮುಂದೆ ಕೂಡಿಸುತ್ತಾಳೆ. ಬಂದವಳ ಕಾಲು ಬ್ರೇಕಿನ ಮೇಲೆ, ಗಾಳಿಯಲ್ಲೇ ನಿಂತುಬಿಡುತ್ತದೆ. ನೀಲವ್ವ ಹೊರಗೆ ನಿಂತು ಕಾಯುತ್ತಾಳೆ, ಅವಸರ ಮಾಡುವುದಿಲ್ಲ. ಕೊನೆಗೊಮ್ಮೆ ಆ ಕಾಲು ಇಳಿಯುತ್ತದೆ, ತುಳಿಯುತ್ತದೆ. ನಾನು ಕಲ್ಲಿನ ಮೇಲಿಂದ ಒಂದು ಬೆರಳಷ್ಟೂ ಕದಲುವುದಿಲ್ಲ. ಆದರೆ ಆಕೆಯ ಮುಖ ನೋಡಿದರೆ, ಆಗಲೇ ಹುಬ್ಬಳ್ಳಿ ದಾಟಿದ ಹಾಗಿರುತ್ತದೆ.