ಕುದುರ್ತು

"ಮೂರು ಸೇರಿಗಿ ಒಂದು ಕಾಳೂ ಕಮ್ಮಿ ಆಗಲ್ರಿ!"

ಕುರಿಮಂದೆಯ ಮುಂದೆ ಹೊಲದ ಬದುವಿನ ಮೇಲೆ ನಿಂತ ಮೋನಮ್ಮನ ಬಾಯಿಂದ ಮಾತು ಹಾರಿಯೇಬಿಟ್ಟಿತು. ಗಂಡ ಖಂಡೆಪ್ಪ ಮೇವು ಹುಡುಕಿಕೊಂಡು ನಾರಾಯಣಖೇಡದ ಕಡೆ ಹೋಗಿದ್ದ. ಹಾಗಾಗಿ ಝರಾಸಂಗಂನ ವೀರಪ್ಪ ಸಾಹುಕಾರರ ಹೊಲದಲ್ಲಿ ಕುರಿ ತರುಬುವ, ಅಂದರೆ ರಾತ್ರಿ ಮಂದೆ ನಿಲ್ಲಿಸುವ ಸೌದಾ ಮೊದಲ ಸಲ ಅವಳ ಪಾಲಿಗೆ ಬಂದಿತ್ತು. ಅಂಜಿಕೆಗಿಂತ ಹುರುಪೇ ಹೆಚ್ಚು.

ನೂರು ಕುರಿ ಹತ್ತು ರಾತ್ರಿ ಮಲಗಿ ಹಿಕ್ಕೆ ಹಾಕಿದರೆ ಹೊಲಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರ ಬೇರಿಲ್ಲ. ರಾತ್ರಿಗಿಷ್ಟು ಜೋಳ ಎಂದು ಮಾತಾಡಿಕೊಳ್ಳುವುದು ರೂಢಿ. ಇದಕ್ಕೆ ನಿಜಾಮ ಸರ್ಕಾರದ ಸ್ಟಾಂಪು ಕಾಗದ ಬೇಡ. ಕುರಿಯವರು 'ಕುದುರ್ತು' ಎಂದರೆ ಮುಗಿಯಿತು. ಆಮೇಲೆ ಹಿಂದೆ ಸರಿಯುವಂತಿಲ್ಲ, ಮೇಲೊಂದು ಪುಕ್ಕಟೆ ಕೇಳುವಂತಿಲ್ಲ.

"ನಿನ್ನ ಗಂಡ ಆಗಿದ್ರ ಎರಡಕ್ಕ ಹೂಂ ಅಂತಿದ್ದ," ವೀರಪ್ಪ ಮೀಸೆ ತಿರುವಿದರು.

"ಅವ ಬರೂತನಕ ಕಾಯ್ರಿ ಮತ್ತ. ಅಷ್ಟರಾಗ ಮಳಿ ಹಿಡೀತದ, ಬಿತ್ತಗಿ ಶುರು ಆಗ್ತದ."

ವೀರಪ್ಪ ನಕ್ಕುಬಿಟ್ಟರು. "ಆತು ತಗೋ, ಮೂರು!"

"ಕುದುರ್ತು!" ಎಂದು ಕೂಗಿದಳು ಮೋನಮ್ಮ.

ಕೂಗಿದ ಮೇಲೆ ಹೊಲದ ಬಾವಿ ಕಣ್ಣಿಗೆ ಬಿತ್ತು. ನೀರಿನ ಮಾತೇ ಆಡಿರಲಿಲ್ಲ! ಹಳ್ಳಗಳೆಲ್ಲ ಬತ್ತಿವೆ. ಮರಿ ಹಾಕಿದ ಕುರಿಗಳಿಗೆ ನೀರು ತಪ್ಪಿದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ಮರಿ ಉಳಿಯುವುದಿಲ್ಲ.

ಅವಳ ನೋಟ ಎಲ್ಲಿ ಹೋಯಿತೆಂದು ವೀರಪ್ಪನವರಿಗೆ ಗೊತ್ತಾಗಿತ್ತು. "ಬಾವಿ ನೀರು ಸೌದಾದಾಗ ಇರಲಿಲ್ಲವ್ವ. ಬೇಕಂದ್ರ ರಾತ್ರಿಗೊಂದು ಸೇರು ಬಿಡು."

ಭಲೆ ಮನುಷ್ಯ! ಕೊಟ್ಟ ಕೈಯಲ್ಲೇ ಕಸಿದುಕೊಳ್ಳುವವರು. ಮೋನಮ್ಮ ಸುತ್ತ ಕಣ್ಣು ಹಾಯಿಸಿದಳು. ಪಕ್ಕದ ಹೊಲ ಶಂಕ್ರೆಪ್ಪನದು, ಅಲ್ಲೂ ಬಾವಿಯಿದೆ. ಅದು ಹೊಳೆದದ್ದೇ ತಡ, ಮುಖ ಅರಳಿತು.

"ಬ್ಯಾಡ ಬಿಡ್ರಿ. ದಿನಾ ಮುಂಜಾನಿ ಶಂಕ್ರೆಪ್ಪನೋರ ಬಾವಿಗಿ ಹೊಡಕೊಂಡು ಹೋಗ್ತೀನಿ. ನೀರು ಕುಡದು ಅಲ್ಲೇ ನೆರಳಿಗಿ ಮಕ್ಕೋತಾವ. ಹೊತ್ತು ಮುಳುಗಿದ ಮ್ಯಾಲ ನಿಮ್ಮ ಹೊಲಕ್ಕ ಬರ್ತಾವ, ಮಾತು ಅಂದ್ರ ಮಾತು. ಹೊಟ್ಟಿ ಖಾಲಿ ಮಾಡ್ಕೊಂಡು ಬಂದ್ರ ಮಾತ್ರ ನನಗ ಬೈಬ್ಯಾಡ್ರಿ."

ವೀರಪ್ಪನವರ ಮೀಸೆ ಇಳಿಯಿತು. ಶಂಕ್ರೆಪ್ಪನ ಹೊಲಕ್ಕೆ ಪುಕ್ಕಟೆ ಗೊಬ್ಬರ! ಅದೂ ತಮ್ಮ ಜೋಳದಲ್ಲಿ!

"ಇಲ್ಲೇ ಕುಡೀಲಿ ಬಿಡವ್ವ... ಕುದುರ್ತು ಅನ್ನು."

ಈ ಸಲ ಮೋನಮ್ಮ ಅವಸರ ಮಾಡಲಿಲ್ಲ. ಬಾವಿಯತ್ತ ನಡೆದು ಬಗ್ಗಿ ನೋಡಿದಳು. ನೀರು ಬಹಳ ಆಳದಲ್ಲಿತ್ತು.

"ಸೇದೋರು ಯಾರ್ರಿ?"

ವೀರಪ್ಪ ಅವಳನ್ನು ನೋಡಿದರು, ಪಕ್ಕದ ಹೊಲವನ್ನು ನೋಡಿದರು. ಆಮೇಲೆ ರುಮಾಲು ತೆಗೆದಿಟ್ಟು, ಧೋತರದ ಕಚ್ಚೆ ಬಿಗಿದು, ಹಗ್ಗಕ್ಕೆ ಕೈ ಹಾಕಿದರು. ರಾಟೆ ಕಿರ್ರೆಂದಿತು. ಕುರಿಗಳೆಲ್ಲ ಒಮ್ಮೆಲೇ ತಲೆಯೆತ್ತಿದವು.