ಚೌರಪ್ಪ ತೂಗಿದ ಗಂಟೆ

ನಾನು ಹುಟ್ಟಿದ್ದು ಕಡಲಾಚೆಯ ಒಂದು ಎರಕದ ಮನೆಯಲ್ಲಿ. ತಾಮ್ರ, ತವರ ಕರಗಿಸಿ ಮಣ್ಣಿನ ಅಚ್ಚಿಗೆ ಸುರಿದರು. ಆಮೇಲೆ ಹಡಗು, ರೈಲು, ಕೊನೆಗೆ ಎತ್ತಿನ ಗಾಡಿ. ಜೋಜಪ್ಪನಕೊಪ್ಪಲಿನ ಚರ್ಚಿನ ಗೋಪುರಕ್ಕೆ ಏರಿಸುವ ಮುನ್ನ ಸ್ವಾಮಿಗಳು ತೀರ್ಥ ಚಿಮುಕಿಸಿ ನನಗೆ ಮರಿಯಳ ಹೆಸರಿಟ್ಟರು. ಇಟ್ಟವರೇ ಮರೆತರು. ಊರಿಗೆ ನಾನು ಬರೀ ಗಂಟೆ.

ಎಲ್ಲರೂ ‘ಗಂಟೆ ಹೊಡಿ’ ಎನ್ನುತ್ತಾರೆ. ಆ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಹೊಡೆಯುವುದಕ್ಕೆ ನಾನೇನು ಕಳ್ಳಿಯೇ? ಮೊದಲು ನನ್ನ ಹಗ್ಗ ಹಿಡಿದ ಇನ್ನಾಸಪ್ಪ ಮಾತ್ರ ಹೊಡೆದೇ ಹೊಡೆದ. ಹಗ್ಗಕ್ಕೆ ಜೋತುಬಿದ್ದು ಏದುಸಿರು ಬಿಡುತ್ತಿದ್ದ. ನಾನು ತಾಳ ತಪ್ಪಿ ಒದರುತ್ತಿದ್ದೆ.

ಅವನ ನಂತರ ಬಂದ ಚೌರಪ್ಪ ಒಣಕಲು ಆಳು. ಗಾಳಿ ಬಂದರೆ ಹಾರಿಹೋಗುವಂತಿದ್ದ. ಆದರೆ ಅವನು ನನ್ನನ್ನು ಹೊಡೆಯಲಿಲ್ಲ, ತೂಗಿದ, ತೊಟ್ಟಿಲು ತೂಗಿದಂತೆ. ನಾನು ಮೇಲೇರುವಾಗ ಹಗ್ಗವನ್ನು ಸಡಿಲ ಕೈಯಲ್ಲಿ ಹೋಗಬಿಡುತ್ತಿದ್ದ. ಇಳಿಯತೊಡಗಿದಾಗ ಒಂದು ಸಣ್ಣ ಜಗ್ಗು, ಅಷ್ಟೇ. ಉಳಿದದ್ದನ್ನು ನನ್ನ ಭಾರವೇ ನೋಡಿಕೊಳ್ಳುತ್ತಿತ್ತು. ಮದುವೆಗೆ ಒಂದು ಲಯ, ಸಾವಿಗೆ ಇನ್ನೊಂದು. ಹೆಣ ಮನೆಯಿಂದ ಏಳುವಾಗ ನನ್ನನ್ನು ಎಷ್ಟು ನಿಧಾನ ತೂಗುತ್ತಿದ್ದನೆಂದರೆ, ಒಂದು ನಾದ ಪೂರ್ತಿ ಕರಗಿದ ಮೇಲೆಯೇ ಮತ್ತೊಂದು. ಗದ್ದೆಯಲ್ಲಿದ್ದವರು ಕೆಲಸ ನಿಲ್ಲಿಸಿ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು.

ವಯಸ್ಸಾದಂತೆ ಚೌರಪ್ಪನಿಗೆ ಉಬ್ಬಸ ಹತ್ತಿತು. ಗಂಡ ಸತ್ತು ತವರಿಗೆ ಬಂದಿದ್ದ ಮಗಳು ಲೂರ್ದಮ್ಮನನ್ನು ಗೋಪುರದ ಕೆಳಗೆ ಕರೆತಂದು ನಿಲ್ಲಿಸಿದ. ‘ಹೆಂಗಸಿಗೆ ಇದು ಆಗೋ ಕೆಲಸವಾ? ಗಂಟೆ ಒಳಗಿನ ನಾಲಗೆಗೇ ಹಗ್ಗ ಕಟ್ಬುಡಾನ, ಯಾರು ಬೇಕಾದ್ರೂ ಬಡೀಬೋದು’ ಎಂದ, ಮಕ್ಕಳಿಗೆ ಜಪ ಕಲಿಸುವ ಉಪದೇಶಿ ರಾಯಪ್ಪ. ಚೌರಪ್ಪ ಕೆಂಡವಾದ. ಹಾಗೆ ಬಡಿದರೆ ನಾನು ಬಿರುಕು ಬಿಡುತ್ತೇನೆಂದು ಅವನಿಗೆ ಗೊತ್ತಿತ್ತು.

ಮೊದಲ ದಿನ ಲೂರ್ದಮ್ಮ ನಾನು ಮೇಲೇರುವಾಗಲೂ ಹಗ್ಗ ಬಿಡಲಿಲ್ಲ. ನಾನು ಅವಳನ್ನೂ ನೆಲದಿಂದ ಎತ್ತಿದೆ. ಅಂಗೈ ಸುಲಿದುಹೋಯಿತು. ಚೌರಪ್ಪ ಕೆಮ್ಮು ಬರುವವರೆಗೆ ನಕ್ಕ.

‘ಅದ್ರ ಸಂಗಡ ಜಗಳ ಆಡ್ಬ್ಯಾಡ ಕಣವ್ವ. ಮ್ಯಾಕ್ಕೆ ಓಗ್ವಾಗ ಬುಡು. ಬತ್ತೀನಿ ಅಂತ ಅದೇ ಯೇಳ್ತದೆ, ಆಗ ಜಗ್ಗು.’

‘ಬುಟ್ರೆ ಓಗೇಬುಡ್ತದೇನೋ ಅಂತ ಭಯ ಕಣಪ್ಪ.’

ಗಂಡನನ್ನು ಕಳೆದುಕೊಂಡವಳ ಮಾತು ಅದು.

ಮಳೆಗಾಲ ಕಳೆಯುವಷ್ಟರಲ್ಲಿ ಅವಳು ಕಲಿತಳು. ಸಾವಿನ ಲಯ ಕೈಗೆ ಕೂತ ದಿನ ಚೌರಪ್ಪ ಕಣ್ಣೊರೆಸಿಕೊಂಡು ಹೇಳಿದ: ‘ನನ್ ಹೆಣ ಏಳ್ವಾಗ ನೀನೇ ತೂಗ್ಬೇಕು. ಇನ್ನೇನೂ ಬ್ಯಾಡ ನಂಗೆ.’

ಆದರೆ ಅವನು ಸತ್ತದ್ದು ಶುಭ ಶುಕ್ರವಾರದ ಬೆಳಿಗ್ಗೆ. ದೇವರ ಮಗ ಶಿಲುಬೆಗೇರಿದ ದಿನ ಗಂಟೆಯ ಸದ್ದು ಕೂಡದು. ಗುರುವಾರದ ಪೂಜೆಯಿಂದ ಪುನರುತ್ಥಾನದ ಹಬ್ಬ ಪಾಸ್ಖದವರೆಗೆ ನಾವು ಗಂಟೆಗಳೆಲ್ಲ ಮೂಕರು. ನಮ್ಮ ಬದಲು ಕೈಯಲ್ಲಿ ತಿರುಗಿಸುವ ಮರದ ಗಿಲಕಿಯದೇ ಕಾರುಬಾರು. ಸಂಜೆ ಹೆಣ ಎತ್ತುವ ಹೊತ್ತಿಗೆ ಲೂರ್ದಮ್ಮ ಓಡಿಬಂದು ನನ್ನ ಹಗ್ಗ ಹಿಡಿದಳು. ಹಿಂದೆಯೇ ಸ್ವಾಮಿಗಳು ಬಂದರು.

‘ಇವತ್ತು ಮುಟ್ಟಬಾರದಮ್ಮ.’

‘ನಮ್ಮಪ್ಪ ಕೇಳಿದ್ದು ಇದೊಂದೇ, ಸ್ವಾಮಿ.’

ಅವರು ಗದರಲಿಲ್ಲ. ‘ನಿಮ್ಮಪ್ಪ ಇದ್ದಿದ್ರೆ ಇವತ್ತು ತೂಗ್ತಿದ್ನಾ? ನೀನೇ ಹೇಳು’ ಎಂದರು.

ಹೆತ್ತ ತಾಯಿ ಸತ್ತಿದ್ದರೂ ಚೌರಪ್ಪ ಶುಕ್ರವಾರ ನನ್ನನ್ನು ಮುಟ್ಟುತ್ತಿರಲಿಲ್ಲ. ಹಗ್ಗ ಅವಳ ಕೈಯಿಂದ ಜಾರಿತು. ದೂರದಲ್ಲಿ ಗಿಲಕಿ ಕಟಕಟ ಅನ್ನುತ್ತಾ ಅವನನ್ನು ಕರೆದೊಯ್ಯಿತು. ನಾನು ಎಲ್ಲವನ್ನೂ ಕಂಡೆ, ಬಾಯಿ ಬಿಡಲಾರದೆ ನೇತಾಡಿದೆ.

ಮರುದಿನ ರಾತ್ರಿ ಪಾಸ್ಖದ ಜಾಗರಣೆ ಪೂಜೆಯಲ್ಲಿ, ನಮ್ಮ ಮೌನ ಮುಗಿಸುವ ಮಹಿಮೆಯ ಗೀತೆ ಏಳುತ್ತಿದ್ದಂತೆ ಅವಳು ನನ್ನನ್ನು ತೂಗಲೇಬೇಕಾಯಿತು. ಹಬ್ಬದ ಲಯದಲ್ಲಿ, ಜೋರಾಗಿ. ಅಳುತ್ತಲೇ ತೂಗಿದಳು, ಒಂದು ನಾದವೂ ತಪ್ಪಲಿಲ್ಲ. ಈ ವರ್ಷದಷ್ಟು ಚೆನ್ನಾಗಿ ಗಂಟೆ ಯಾವತ್ತೂ ಕೇಳಿಸಿರಲಿಲ್ಲ ಎಂದು ಜನ ಮೆಚ್ಚಿಕೊಂಡರು. ಆ ಮೆಚ್ಚುಗೆಯನ್ನು ನಾನು ಇನ್ನೂ ಕ್ಷಮಿಸಿಲ್ಲ. ಹಬ್ಬ ಕಳೆದ ಮೇಲೆ ಅವಳು ಕೇಳಿದಾಗ, ಆಗಲೇ ಮಣ್ಣು ಸೇರಿದವನಿಗೆ ಸಾವಿನ ಗಂಟೆ ಕೂಡದೆಂದರು ಸ್ವಾಮಿಗಳು. ಮುಂದೆ ಊರಿನ ಎಷ್ಟೋ ಹೆಣಗಳಿಗೆ ಅವಳು ತೂಗಿದಳು, ಅಪ್ಪನೊಬ್ಬನನ್ನು ಬಿಟ್ಟು.

ಈಗ ಗೋಪುರದಲ್ಲಿ ಧ್ವನಿವರ್ಧಕವಿದೆ. ಗುಂಡಿ ಒತ್ತಿದರೆ ಯಾವುದೋ ಊರಿನ ಗಂಟೆ ಕೂಗುತ್ತದೆ. ನನ್ನನ್ನು ಕೆಳಗಿಳಿಸಿ ಅಂಗಳದ ಮೂಲೆಯಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಕವುಚಿ ಕೂರಿಸಿದ್ದಾರೆ. ಅಂಚು ಕಟ್ಟೆಗೆ ತಾಗಿದ ಗಂಟೆಗೆ ದನಿಯಿಲ್ಲ. ಸಕಲ ಮೃತರ ಹಬ್ಬದಂದು, ಸಮಾಧಿಗಳಿಗೆಲ್ಲ ಮೇಣದ ಬತ್ತಿ ಹಚ್ಚಿ, ಮುದುಕಿ ಲೂರ್ದಮ್ಮ ನನ್ನ ಬಳಿ ಬರುತ್ತಾಳೆ. ಬೆರಳ ಗೆಣ್ಣಿನಿಂದ ನನ್ನ ಮೈಮೇಲೆ ನಿಧಾನವಾಗಿ ಕುಟ್ಟುತ್ತಾಳೆ. ಒಂದು. ಬಹಳ ಹೊತ್ತು ಬಿಟ್ಟು ಇನ್ನೊಂದು. ಅವಳ ಲಯ ಈಗಲೂ ತಪ್ಪಿಲ್ಲ. ನನ್ನಿಂದ ಬರುವುದು ಬರೀ ಟಕ್ ಎಂಬ ಸದ್ದು.