ಗಿರಣಿ ಹಿಂದಿನ ನಲ್ಲಿ

ಆ ವರ್ಷ, ೧೯೯೭ರ ಮಳೆಗಾಲದಲ್ಲಿ, ಮರಾಠಿ ನಾಡಿನ ಕೋಥರೂಡ ಬಡಾವಣೆಯ ಹಿಂಬದಿಯ ಗಲ್ಲಿಗಳಲ್ಲಿ ಕಾಮಾಲೆ ಹರಡಿತು. ಅಲ್ಲಿನ ಕನ್ನಡ ಶಾಲೆಯ ನಾಲ್ಕನೆಯ ತರಗತಿಯ ರೇಣು ಅದರಲ್ಲೇ ತೀರಿಕೊಂಡಳು.

ಕೆಲವು ದಿನ ಅವಳ ಜಾಗದಲ್ಲಿ ಯಾರೂ ಕೂರಲಿಲ್ಲ. ನಮಗೂ ಬರುತ್ತದೆಯೇ, ಎಲ್ಲಿಂದ ಬರುತ್ತದೆ ಎಂದು ರೇಣುವಿನ ಗೆಳತಿ ಶರ್ವರಿ ಕೇಳಿದಾಗ ಶಿಕ್ಷಕಿ ಸುಲಭಾ ತನಗೆ ಗೊತ್ತಿಲ್ಲವೆಂದಳು. ಆದರೆ ಹುಡುಕಬಹುದು ಎಂದೂ ಹೇಳಿದಳು.

ಆ ಶಾಲಾ ಅವಧಿಯಲ್ಲಿ ನಕಾಶೆ, ಅಳತೆ, ಸ್ತಂಭಾಲೇಖ ಕಲಿಸಬೇಕಿತ್ತು. ಮಕ್ಕಳು ಹಗ್ಗ ಹಿಡಿದು ಗಲ್ಲಿಗಳನ್ನು ಅಳೆದರು. ಖಾಕಿ ಕಾಗದಗಳನ್ನು ಅಂಟಿಸಿ ನಕಾಶೆ ಬರೆದರು. ನಲ್ಲಿಗಳಿಗೆ ನೀಲಿ, ಕಾಮಾಲೆಯಾದ ಮನೆಗಳಿಗೆ ಕೆಂಪು ಚುಕ್ಕಿ. ಪಾಠ ಹಿಂದೆ ಬೀಳುತ್ತದೆಂದು ಮುಖ್ಯಾಧ್ಯಾಪಕ ನಿಜಲಿಂಗಪ್ಪನವರು ಬೇಸರಪಟ್ಟರು. ಇದೇ ಪಾಠ ಎಂದು ಸುಲಭಾ ತಿಳಿಹೇಳಿದ ಮೇಲೆ ಸುಮ್ಮನಾದರು.

ರೇಣುವಿನ ಮನೆಗೆ ಮಾತ್ರ ಹೋಗಬೇಡಿರೆಂದು ಸುಲಭಾ ಮಕ್ಕಳಿಗೆ ಹೇಳಿದ್ದಳು. ಅವರು ಅಕ್ಕಪಕ್ಕದ ಬಾಗಿಲು ತಟ್ಟಿ, ಆ ಮನೆಯೆದುರು ತಲೆ ತಗ್ಗಿಸಿ ದಾಟುತ್ತಿದ್ದರು. ಒಂದು ದಿನ ರೇಣುವಿನ ತಾಯಿ ಚನ್ನಬಸವ್ವ ಹೊರಗೆ ಬಂದು, ಮಕ್ಕಳ ಜೊತೆಗಿದ್ದ ಸುಲಭಾಳನ್ನು ತಡೆದಳು.

"ಅಕ್ಕಾರ, ಎಲ್ಲಾರ ಮನೀಗೂ ಹೋಗೀರಿ. ನಮ್ಮನಿ ಯಾಕ ಬಿಟ್ರಿ?"

"ನಿಮಗ ಮತ್ತ ನೋವು ಕೊಡಬಾರದಂತ..."

"ಬಿಟ್ರ ನೋವಾಗೂದಿಲ್ಲೇನ್ರಿ? ಆಕೀನೂ ನಿಮ್ಮ ವರ್ಗದಾಕಿನ. ಬರಕೋರ್ರಿ."

ಹೊಸ್ತಿಲ ಮೇಲೆ ಕೂತು ಅವಳು ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಿದಳು. ಮನೆಯ ಮುಂದಿನ ನಲ್ಲಿಯದೇ ನೀರು. ಮಳೆ ಹಿಡಿದ ಮೇಲೆ ಅದರಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಅದಕ್ಕೇ ಶಾಲೆ ಬಿಟ್ಟ ಮೇಲೆ ಹಿಟ್ಟಿನ ಗಿರಣಿಯ ಹಿಂದಿನ ನಲ್ಲಿಯಿಂದ ತರಲು ರೇಣುವನ್ನು ಕಳಿಸುತ್ತಿದ್ದೆ ಎಂದಳು. ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ಶರ್ವರಿ ಕೆಂಪು ಚುಕ್ಕಿ ಇಟ್ಟಳು.

ಸುಲಭಾಗೆ ಆಗ ಹೊಳೆಯಿತು. ಎಲ್ಲರ ಮನೆಯಲ್ಲೂ ಮಕ್ಕಳು ಹತ್ತಿರದ ನಲ್ಲಿ ಯಾವುದೆಂದಷ್ಟೇ ಕೇಳಿದ್ದರು. ಮತ್ತೆ ಹೋಗಿ, ಆ ನೀರು ಸಾಲದಾದಾಗ ಎಲ್ಲಿಂದ ತಂದಿರಿ ಎಂದು ಕೇಳಿದರು. ಕೆಂಪು ಚುಕ್ಕಿಯ ಮನೆಗಳಲ್ಲೆಲ್ಲ ಒಂದೇ ಉತ್ತರ: ಗಿರಣಿ ಹಿಂದಿನ ನಲ್ಲಿ.

ನಕಾಶೆಯನ್ನು ಸುತ್ತಿ ನಿಜಲಿಂಗಪ್ಪನವರೇ ನೀರಿನ ಕಚೇರಿಗೆ ಒಯ್ದರು. ಅಲ್ಲಿಯವರಿಗೆ ಮರಾಠಿಯಲ್ಲಿ ಸಾವಕಾಶವಾಗಿ ವಿವರಿಸಿ, ಆಳುಗಳು ಬರುತ್ತಾರೆಂಬ ಮಾತು ಸಿಗುವವರೆಗೆ ಏಳಲಿಲ್ಲ. ನೆಲ ಅಗೆದಾಗ ಗಟಾರದ ಪಕ್ಕ ನೀರಿನ ಕೊಳವೆ ಬಿರುಕು ಬಿಟ್ಟಿದ್ದು ಕಂಡಿತು. ನಲ್ಲಿ ಮುಚ್ಚಿ ಹೊಸ ಕೊಳವೆ ಹಾಕಿದರು. ಕಾಮಾಲೆ ಕ್ರಮೇಣ ನಿಂತಿತು.

ನಕಾಶೆಯನ್ನು ತರಗತಿಯ ಗೋಡೆಗೆ ತೂಗುಹಾಕಿದ ಮೇಲೆ ಚನ್ನಬಸವ್ವ ನೋಡಲು ಬಂದಳು. ಮನೆಯಿಂದ ಆ ನಲ್ಲಿ ಎಷ್ಟು ದೂರ ಎಂದು ಕೇಳಿದಳು. ಶರ್ವರಿ ಪಟ್ಟಿಯಿಟ್ಟು ಅಳೆದು, ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳಿದಳು.

"ನಾನ ಕಳಸತಿದ್ದೆ," ಎಂದಳು ಚನ್ನಬಸವ್ವ.

"ಯಾರಿಗೂ ಗೊತ್ತಿರಲಿಲ್ರಿ," ಎಂದಳು ಸುಲಭಾ.

ಚನ್ನಬಸವ್ವ ತನ್ನ ಮನೆಯ ಕೆಂಪು ಚುಕ್ಕಿಯನ್ನು ಬೆರಳಿಂದ ಮುಟ್ಟಿದಳು. "ಕೊಡ ಹೊತಗೊಂಡು ಬರಾಕ ಭಾಳ ದೂರ ಆತು, ಕೂಸಿಗೆ," ಎಂದಳು. ಸುಲಭಾ ತನ್ನ ಕುರ್ಚಿಯನ್ನು ತಂದು ಅವಳನ್ನು ಕೂರಿಸಿದಳು. ಆ ಹೊತ್ತು ಯಾರೂ ಪುಸ್ತಕ ತೆರೆಯಲಿಲ್ಲ.